ಮುಂದಿನ ಭೇಟಿಯಲ್ಲಿ ಏನು ಮಾತಾಡುವುದು?

ಬಿ.ಸಿ. ರೋಡಿನಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೊರಟ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಪುಂಜಾಲಕಟ್ಟೆ ದಾಟಿದರೆ ಸಿಗುವ ಪೇಟೆ ಮಡಂತ್ಯಾರು. ಊರು ಬೆಳ್ತಂಗಡಿ ತಾಲೂಕಿನದ್ದು, ಬೆನ್ನಿಗೆ ಬಂಟ್ವಾಳ. ಗುರುವಾಯನಕೆರೆಯಲ್ಲಿ ಎಡಕ್ಕೆ ತಿರುಗಿ ವೇಣೂರು ಹಾದರೆ ಮೂಡುಬಿದಿರೆ. ಬೆಳಗಿನ ಬಸ್ಸುಗಳಲ್ಲಿ ಈ ಸುತ್ತಿನ ಹುಡುಗ ಹುಡುಗಿಯರೆಲ್ಲ ಕಾಲೇಜಿಗೆ ಹೊರಟಿರುತ್ತಾರೆ. ಕೆಲವರು ಮಡಂತ್ಯಾರಿನ ಸೇಕ್ರೆಡ್ ಹಾರ್ಟ್ ಕಾಲೇಜಿಗೆ, ಕೆಲವರು ಉಜಿರೆಯ ಎಸ್‌ಡಿಎಂಗೆ, ಇನ್ನು ಕೆಲವರು ಮೂಡುಬಿದಿರೆಯ ಆಳ್ವಾಸ್‌ಗೆ. ಅಡಿಕೆ, ರಬ್ಬರು ಬೆಳೆಯುವ ಈ ಸೀಮೆಯಿಂದ ಪದವೀಧರರೂ ಅಷ್ಟೇ ಧಾರಾಳವಾಗಿ ಹೊರಗೆ ಹೋಗುತ್ತಾರೆ. ಅವರಲ್ಲಿ ಬಹಳ ಮಂದಿಗೆ ಈಗ ಕಾಲೇಜಿನಲ್ಲೇ ಒಬ್ಬ ‘ಮೆಂಟರ್’ ಇರುತ್ತಾರೆ.

ಈ ಪದ್ಧತಿ ಬೇರೂರಲು ಮುಖ್ಯ ಕಾರಣ ನ್ಯಾಕ್. ಕಾಲೇಜುಗಳಿಗೆ ದರ್ಜೆ ಕೊಡುವ ಆ ಸಂಸ್ಥೆ, ಒಬ್ಬ ಮಾರ್ಗದರ್ಶಕ ಅಧ್ಯಾಪಕರಿಗೆ ಎಷ್ಟು ಮಂದಿ ವಿದ್ಯಾರ್ಥಿಗಳು ಎಂಬ ಲೆಕ್ಕವನ್ನು ತನ್ನ ಮಾನದಂಡಗಳಲ್ಲಿ ಸೇರಿಸಿತು. ಅಲ್ಲಿಂದ ಪಟ್ಟಿಗಳು ಸಿದ್ಧವಾದವು, ಡೈರಿಗಳು ಅಚ್ಚಾದವು, ಭೇಟಿಯ ದಿನಾಂಕಕ್ಕೊಂದು ಕಾಲಂ, ಸಹಿಗೊಂದು ಕಾಲಂ ಬಂತು. ಆದರೆ ಡೈರಿ ಮುಚ್ಚಿದ ಮೇಲೆ ಇಬ್ಬರ ನಡುವೆ ನಿಜವಾಗಿ ಏನು ನಡೆಯಿತು? ಸಾಮಾನ್ಯವಾಗಿ ನಡೆಯುವುದು ಇಷ್ಟು.

‘ಎಂತ, ಹೇಗುಂಟು?’

‘ಒಳ್ಳೆದುಂಟು ಸರ್.’

‘ಓದು ನಡೀತಾ ಉಂಟಾ? ಹಾಜರಿ ಸ್ವಲ್ಪ ಕಡಿಮೆ ಆಯ್ತು.’

‘ಇನ್ನು ಸರಿ ಮಾಡ್ತೇನೆ ಸರ್.’

ಸಹಿ ಬೀಳುತ್ತದೆ. ಭೇಟಿ ಆಯಿತು, ಮಾತು ಆಗಲಿಲ್ಲ. ಇಬ್ಬರಲ್ಲಿ ಯಾರನ್ನೂ ದೂರುವಂತಿಲ್ಲ. ಏನು ಮಾತಾಡುವುದೆಂದು ಇಬ್ಬರೂ ಮೊದಲೇ ಯೋಚಿಸಿರಲಿಲ್ಲ, ಅಷ್ಟೆ. ವೃತ್ತಿ ಮಾರ್ಗದರ್ಶನವೆಂಬ ವ್ಯವಸ್ಥೆ ಎಲ್ಲಿ ಕೆಟ್ಟರೂ ಸಾಮಾನ್ಯವಾಗಿ ಈ ಒಂದು ಜಾಗದಲ್ಲೇ ಕೆಡುತ್ತದೆ. ಹಿರಿಯರನ್ನು ಹುಡುಕಲು ಸಮಿತಿಯಿರುತ್ತದೆ, ಕಿರಿಯರನ್ನು ಆರಿಸಲು ಅರ್ಜಿಯಿರುತ್ತದೆ, ಉದ್ಘಾಟನೆಗೆ ದೀಪವಿರುತ್ತದೆ. ಎದುರುಬದುರು ಕೂತಾಗಿನ ಮುಕ್ಕಾಲು ಗಂಟೆಗೆ ಮಾತ್ರ ಯಾವ ತಯಾರಿಯೂ ಇರುವುದಿಲ್ಲ.

ತಯಾರಿ ಹೇಗಿರಬೇಕೆಂದು ನೋಡಲು ಮಡಂತ್ಯಾರಿನವರು ದೂರ ಹೋಗಬೇಕಿಲ್ಲ. ಬೆಳ್ತಂಗಡಿ ದಾಟಿ ಉಜಿರೆಗೆ ಹೋದರೆ ಸಾಕು. ಅಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಸೇರಿ ಕಟ್ಟಿದ ಸಂಸ್ಥೆ ಇದು. (2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ವಿಲೀನವಾದ್ದರಿಂದ ಆ ಮೂವರಲ್ಲಿ ಇಬ್ಬರು ಈಗ ಒಬ್ಬರೇ.) ಕೆಲಸವಿಲ್ಲದ ಹಳ್ಳಿಯ ಯುವಜನರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಟ್ಟು ಸ್ವಂತ ಉದ್ಯೋಗಕ್ಕೆ ಹಚ್ಚುವುದು ಇದರ ಕೆಲಸ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿ, ಬ್ಯೂಟಿ ಪಾರ್ಲರ್, ದ್ವಿಚಕ್ರ ವಾಹನ ರಿಪೇರಿ, ಫೊಟೋಗ್ರಫಿ ಹೀಗೆ ನಾನಾ ಕಸುಬುಗಳಿಗೆ ಅಲ್ಲಿ ಜಾಗವುಂಟು. ಈ ಮಾದರಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯಕ್ಕೆ ಹಿಡಿಸಿತು. ಜಿಲ್ಲೆಗೊಂದರಂತೆ ಇಂಥ ಸಂಸ್ಥೆ ತೆರೆಯಬೇಕೆಂದು ಸಚಿವಾಲಯ ಬ್ಯಾಂಕುಗಳಿಗೆ ಹೇಳಿತು. ದೇಶದುದ್ದಕ್ಕೂ ಇಂದು ಕಾಣುವ ‘ಆರ್‌ಸೆಟಿ’ಗಳ ಮೂಲ ಉಜಿರೆ.

ರುಡ್‌ಸೆಟ್‌ನ ಹೆಸರು ಹೇಳಿದರೆ ಜನರಿಗೆ ನೆನಪಾಗುವುದು ತರಬೇತಿ. ಆದರೆ ಅದರ ಅಸಲು ಬಂಡವಾಳವಿರುವುದು ತರಬೇತಿ ಮುಗಿದ ಮೇಲಿನ ಎರಡು ವರ್ಷದಲ್ಲಿ. ತರಬೇತಿ ವಾರಗಳ ಲೆಕ್ಕದ್ದು. ಆಮೇಲೆ ಎರಡು ವರ್ಷ ಸಂಸ್ಥೆಯವರು ಅಭ್ಯರ್ಥಿಯ ಬೆನ್ನು ಬಿಡುವುದಿಲ್ಲ. ಮನೆಗೆ, ಅಂಗಡಿಗೆ ಬಂದು ನೋಡುತ್ತಾರೆ, ಫೋನಿನಲ್ಲಿ ವಿಚಾರಿಸುತ್ತಾರೆ, ಹಿಂದಿನ ತಂಡಗಳನ್ನು ಒಟ್ಟಿಗೆ ಕರೆದು ಕೂರಿಸುತ್ತಾರೆ. ಆರ್‌ಸೆಟಿಗಳ ನಿರ್ದೇಶಕರು ಎರವಲು ಸೇವೆಯಲ್ಲಿ ಬಂದ ಬ್ಯಾಂಕ್ ಅಧಿಕಾರಿಗಳು. ಹಾಗಾಗಿ ಅಲ್ಲಿನ ಮಾತು ‘ಧೈರ್ಯವಾಗಿರಿ’ ಎಂಬಲ್ಲಿಗೆ ಮುಗಿಯುವುದಿಲ್ಲ. ಸಾಲದ ಅರ್ಜಿ ಎಲ್ಲಿಗೆ ಬಂತು, ಯಂತ್ರ ಬಂತೇ, ಕಂತು ಕಟ್ಟಿದ್ದು ಎಷ್ಟು, ಗಿರಾಕಿ ಎಷ್ಟು ಎಂದು ಕೇಳಲೇಬೇಕಾಗುತ್ತದೆ. ಹಿರಿಯರ ಭೇಟಿಗೆ ಕೇಳಲು ಒಂದು ವಿಷಯ ಸಿದ್ಧವಿರುವುದು ಸಣ್ಣ ಸಂಗತಿಯಂತೆ ಕಂಡರೂ ಅದರಿಂದಲೇ ಮಾತಿಗೆ ಕಾಲು ಬರುತ್ತದೆ.

ಅಲ್ಲಿನ ಉದ್ಯಮಶೀಲತಾ ತರಗತಿಗಳಲ್ಲಿ ಆಡಿಸುವ ಒಂದು ಆಟವನ್ನು ಇಲ್ಲಿ ಹೇಳಬೇಕು. ಗೋಪುರ ಕಟ್ಟುವ ಆಟ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಅವರು ಮರದ ಚೌಕ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಪಕ್ಕದಲ್ಲಿ ನಿಂತವರು ಮುಟ್ಟುವಂತಿಲ್ಲ, ಬಾಯಲ್ಲಿ ಹೇಳಬಹುದು ಅಷ್ಟೆ. ಎಷ್ಟು ತುಂಡು ನಿಲ್ಲಿಸುತ್ತೀರಿ ಎಂದು ಆಟಕ್ಕೆ ಮುಂಚೆಯೇ ಹೇಳಿಸಲಾಗುತ್ತದೆ. ಆಟ ಶುರುವಾದ ಮೇಲೆ ಪಕ್ಕದಲ್ಲಿದ್ದವರ ಸ್ವಭಾವವೆಲ್ಲ ಹೊರಗೆ ಬೀಳುತ್ತದೆ. ಒಬ್ಬರು ‘ಬಲಕ್ಕೆ, ಬಲಕ್ಕೆ, ಅಯ್ಯೋ ಅಷ್ಟಲ್ಲ ಮಾರಾಯ’ ಎಂದು ಬೊಬ್ಬೆ ಹೊಡೆದು ಕಟ್ಟುವವರ ಕೈ ನಡುಗಿಸುತ್ತಾರೆ. ಇನ್ನೊಬ್ಬರು ಬಾಯಿಯನ್ನೇ ಬಿಡುವುದಿಲ್ಲ. ಮತ್ತೊಬ್ಬರು ತುಂಡು ಕೂತಿತು, ಅಂಚು ಇಷ್ಟು ಹೊರಗಿದೆ ಎಂದು ಕಂಡದ್ದನ್ನಷ್ಟೇ ಹೇಳಿ ನಿಲ್ಲಿಸುತ್ತಾರೆ. ಕಿರಿಯರ ಬದುಕಿನಲ್ಲಿ ತಂದೆತಾಯಿ, ಮೇಷ್ಟ್ರು, ಮೇಲಧಿಕಾರಿ ಯಾವ ಬಗೆಯಲ್ಲಿ ನೆರವಾಗುತ್ತಾರೆ, ಯಾವ ಬಗೆಯಲ್ಲಿ ಅಡ್ಡವಾಗುತ್ತಾರೆ ಎಂಬ ಚರ್ಚೆ ಆಟದ ನಂತರ ನಡೆಯುತ್ತದೆ.

ಇಂಥ ಆಟಗಳ ಹಿಂದೆ ಹಾರ್ವರ್ಡ್‌ನ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್ ಅವರ ಸಾಧನೆಯ ಹಂಬಲ ಕುರಿತ ಸಂಶೋಧನೆಯಿದೆ. ಅವರ ಪ್ರಸಿದ್ಧ ಪ್ರಯೋಗ ನಡೆದದ್ದೂ ನಮ್ಮ ನೆರೆಯ ಅಂದಿನ ಆಂಧ್ರದಲ್ಲೇ. 1964ರಲ್ಲಿ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಗೆ ಕರೆಸಿ ಸುಮಾರು ಹತ್ತು ದಿನದ ತರಬೇತಿ ಕೊಡಲಾಯಿತು. ತನ್ನ ಗುರಿಯನ್ನು ತಾನೇ ಇಟ್ಟುಕೊಳ್ಳುವುದು, ಆ ಗುರಿ ತೀರಾ ಸಲೀಸೂ ಆಗಬಾರದು, ಕೈಗೆ ಎಟುಕದ್ದೂ ಆಗಬಾರದು ಎಂಬುದು ಅದರ ತಿರುಳು. ಮಾರ್ಗದರ್ಶನದ ಮಾತುಕತೆಗೂ ಇದೇ ತಿರುಳು ಒಪ್ಪುತ್ತದೆ. ಎಷ್ಟು ತುಂಡು ಎಂದು ಹೇಳಬೇಕಾದವರು ಕಟ್ಟುವವರು.

ಇಲ್ಲಿ ಕರಾವಳಿಯ ಒಂದು ಗುಣವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ದೊಡ್ಡವರ ಎದುರು ತಾನಾಗಿ ಬಾಯಿ ತೆರೆಯುವುದು ಇಲ್ಲಿ ಮರ್ಯಾದೆಯಲ್ಲ. ಕೇಳಿದ್ದಕ್ಕೆ ಉತ್ತರ, ಹೇಳಿದ್ದಕ್ಕೆ ‘ಆಯ್ತು’. ಹಿರಿಯರೂ ಈ ಮೌನವನ್ನು ಒಪ್ಪಿಗೆಯೆಂದೇ ತಿಳಿದು ‘ನಮ್ಮ ಕಾಲದಲ್ಲಿ’ ಎಂದು ಶುರು ಮಾಡುತ್ತಾರೆ. ನಡೆದು ಶಾಲೆಗೆ ಹೋದದ್ದು, ಚಿಮಿಣಿ ದೀಪದಲ್ಲಿ ಓದಿದ್ದು, ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ರಾತ್ರಿ ಶಾಲೆ ಕಲಿತದ್ದು ಎಲ್ಲ ಬರುತ್ತದೆ. ಈ ಕಥೆಗಳು ಸುಳ್ಳಲ್ಲ, ಬೆಲೆಯಿಲ್ಲದವೂ ಅಲ್ಲ. ಆದರೆ ಕೇಳುವವನಿಗೆ ಬೇಕಿದ್ದದ್ದು ನಾಡಿದ್ದು ಮಂಗಳೂರಿನಲ್ಲಿ ಇರುವ ಸಂದರ್ಶನಕ್ಕೆ ಸಂಬಳ ಎಷ್ಟು ಕೇಳಬಹುದು ಎಂಬ ಒಂದು ಉತ್ತರ. ಅದನ್ನು ಕೇಳಲು ಅವನಿಗೆ ಸಂದಿಯೇ ಸಿಗುವುದಿಲ್ಲ. ಮಾರ್ಗದರ್ಶನ ಉಪದೇಶವಾಗಿಬಿಡಲು ಹಿರಿಯರ ಮಾತುಗಾರಿಕೆ ಎಷ್ಟು ಕಾರಣವೋ ಕಿರಿಯರ ಸಭ್ಯತೆಯೂ ಅಷ್ಟೇ ಕಾರಣ.

ಅದಕ್ಕಾಗಿಯೇ ಭೇಟಿಯ ವಿಷಯಪಟ್ಟಿಯನ್ನು ಕಿರಿಯರೇ ತಯಾರಿಸಬೇಕು. ಬಹುತೇಕ ಕಡೆ ನಡೆಯುತ್ತಿರುವುದು ಇದಕ್ಕೆ ತಿರುವುಮುರುವು. ಭೇಟಿಗೆ ಎರಡು ದಿನ ಮುಂಚೆ ವಾಟ್ಸ್‌ಆಪ್‌ನಲ್ಲಿ ಮೂರು ಸಾಲು ಕಳಿಸಿದರೆ ಸಾಕು. ಕಳೆದ ಸಲ ಒಪ್ಪಿಕೊಂಡದ್ದರಲ್ಲಿ ಏನಾಯಿತು, ಈಗ ಎಲ್ಲಿ ಸಿಕ್ಕಿಕೊಂಡಿದ್ದೇನೆ, ಈ ಸಲ ನಿಮ್ಮಿಂದ ಏನು ಬೇಕು. ಎದುರಿಗೆ ಕೂತು ಬಾಯಿ ಬಿಡಲು ಅಂಜುವವರಿಗೂ ಬರೆದು ಕಳಿಸುವುದು ಹಗುರ. ಹಿರಿಯರಿಗೂ ಯೋಚಿಸಲು ಎರಡು ದಿನ ಸಿಗುತ್ತದೆ. ಒಂದು ಮಾತು ಇಲ್ಲೇ ಸೇರಿಸಬೇಕು. ಈ ಸಾಲುಗಳು ಯಾವ ಭಾಷೆಯಲ್ಲಿದ್ದರೂ ಆಗುತ್ತದೆ. ಮೆಂಟರ್ ಫಾರಂ ಇಂಗ್ಲಿಷಿನಲ್ಲಿದೆ, ತರಗತಿ ಕನ್ನಡದಲ್ಲಿದೆ, ಕಷ್ಟ ಹೇಳಿಕೊಳ್ಳಲು ಬರುವುದು ತುಳು, ಕೊಂಕಣಿ, ಬ್ಯಾರಿಯಲ್ಲಿ. ಮನಸ್ಸು ಬಿಚ್ಚುವ ಹೊತ್ತಿಗೆ ವ್ಯಾಕರಣದ ಚಿಂತೆ ಬೇಡವೆಂದು ಹಿರಿಯರೇ ಮೊದಲ ದಿನ ಹೇಳಿಬಿಡುವುದು ಒಳ್ಳೆಯದು.

ಮೊದಲ ಭೇಟಿಯಲ್ಲಿ ಕೆಲಸದ ಮಾತಿಗಿಂತ ಕರಾರಿನ ಮಾತೇ ಹೆಚ್ಚಿರಬೇಕು. ತಿಂಗಳಿಗೆ ಎಷ್ಟು ಸಲ, ಎಷ್ಟು ಹೊತ್ತು, ಎಲ್ಲಿ? ಫೋನು ಯಾವ ಹೊತ್ತಿನಲ್ಲಿ ಮಾಡಬಹುದು, ಯಾವ ಹೊತ್ತಿನಲ್ಲಿ ಕೂಡದು? ಈ ಸಂಬಂಧ ಎಷ್ಟು ತಿಂಗಳಿನದು? ಎಲ್ಲಿ ಎಂಬ ಪ್ರಶ್ನೆ ಸಣ್ಣ ಪೇಟೆಯಲ್ಲಿ ಸಣ್ಣದಲ್ಲ. ಹುಡುಗಿಯೊಬ್ಬಳು ಹಿರಿಯ ಅಧಿಕಾರಿಯೊಬ್ಬರ ಜತೆ ಹೋಟೆಲಿನಲ್ಲಿ ಅರ್ಧ ಗಂಟೆ ಕೂತರೆ ಸುದ್ದಿ ಅವಳಿಗಿಂತ ಮೊದಲು ಮನೆ ತಲುಪುತ್ತದೆ. ಕಾಲೇಜಿನ ಗ್ರಂಥಾಲಯ, ಬ್ಯಾಂಕಿನ ಕೋಣೆ, ಪಂಚಾಯತಿನ ವಾಚನಾಲಯದಂಥ ನಾಲ್ವರು ಓಡಾಡುವ ಜಾಗವನ್ನು ಮೊದಲೇ ಗೊತ್ತು ಮಾಡಿಕೊಂಡರೆ ಆಕೆಯೂ ನಿರಾಳ, ಅವರೂ ನಿರಾಳ. ಗುಟ್ಟಿನ ಮಾತೂ ಹಾಗೆಯೇ. ಇಲ್ಲಿ ಹಿರಿಯರೂ ಹುಡುಗನ ಅಪ್ಪನೂ ಒಂದೇ ಹಾಲಿನ ಸೊಸೈಟಿಯ ಸದಸ್ಯರು, ಒಂದೇ ಇಗರ್ಜಿಗೆ ಹೋಗುವವರು, ಒಂದೇ ಬ್ರಹ್ಮಕಲಶದ ಸಮಿತಿಯಲ್ಲಿರುವವರು. ‘ನಿನ್ನ ಮಗನಿಗೆ ಬ್ಯಾಂಕಿನ ಪರೀಕ್ಷೆಯಲ್ಲಿ ಮನಸ್ಸಿಲ್ಲವಂತೆ’ ಎಂಬ ಒಂದು ವಾಕ್ಯ ಜಾತ್ರೆಯಲ್ಲಿ ಬಾಯಿತಪ್ಪಿ ಬಂದರೆ ಮುಂದಿನ ತಿಂಗಳಿನಿಂದ ಆ ಮಗ ‘ಒಳ್ಳೆದುಂಟು ಸರ್’ ಎಂಬಲ್ಲಿಗೆ ವಾಪಸಾಗುತ್ತಾನೆ. ಏನನ್ನು ಹೊರಗೆ ಹೇಳಬಹುದು, ಏನನ್ನು ಹೇಳಬಾರದು ಎಂದು ಮೊದಲ ದಿನವೇ ಬಿಡಿಸಿ ಮಾತಾಡಿಕೊಳ್ಳಬೇಕು.

ಹಿರಿಯರು ಮಾಡಲಾಗದ್ದು ಯಾವುದು ಎಂಬುದನ್ನೂ ಅದೇ ದಿನ ಹೇಳಬೇಕು. ಸಾಲಕ್ಕೆ ಜಾಮೀನು, ಕೆಲಸಕ್ಕೆ ಶಿಫಾರಸು, ಅಂಕಕ್ಕೆ ವಶೀಲಿ ಈ ಮೂರು ನಿರೀಕ್ಷೆಗಳು ಹೇಳದೆಯೇ ಬಂದು ಕೂತಿರುತ್ತವೆ.

ಭೇಟಿಯ ಒಳಗಿನ ಮಾತಿಗೆ ಒಂದು ಕ್ರಮ ಬೇಕೆನ್ನುವವರು ಬ್ರಿಟನ್ನಿನ ಜಾನ್ ವಿಟ್ಮೋರ್ 1992ರಲ್ಲಿ ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ‘ಗ್ರೋ’ ಮಾದರಿಯನ್ನು ಬಳಸುತ್ತಾರೆ. ಗುರಿ, ಈಗಿನ ಸ್ಥಿತಿ, ಇರುವ ದಾರಿಗಳು, ಮಾಡುವ ನಿರ್ಧಾರ ಎಂಬ ನಾಲ್ಕು ಮೆಟ್ಟಿಲು. ಕಂಪನಿಗಳ ತರಬೇತಿಯಲ್ಲಿ ಇದನ್ನು ಸವಕಲಾಗುವಷ್ಟು ಬಳಸಿದ್ದಾರೆ. ಆದರೂ ಅಂಗಡಿಯ ಲೆಕ್ಕಕ್ಕೆ ಇಳಿಸಿದರೆ ಅದಕ್ಕೆ ಜೀವ ಬರುತ್ತದೆ. ಮಡಂತ್ಯಾರು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟ ಒಬ್ಬ ಯುವತಿಯನ್ನು ಕಲ್ಪಿಸಿಕೊಳ್ಳಿ. ‘ವ್ಯಾಪಾರ ದೊಡ್ಡದು ಮಾಡಬೇಕು ಮೇಡಂ’ ಎನ್ನುತ್ತಾಳೆ. ಇದು ಇನ್ನೂ ಗುರಿಯಲ್ಲ. ಎಷ್ಟು ದೊಡ್ಡದು, ಯಾವಾಗ ಎಂದು ಕೇಳಿದ ಮೇಲೆ ಶಾಲೆ ಶುರುವಾಗುವ ಮೊದಲು ಓವರ್‌ಲಾಕ್ ಮಿಷನ್ ಕೊಳ್ಳಬೇಕು ಎಂದು ಹೊರಬರುತ್ತದೆ. ಈಗಿನ ಸ್ಥಿತಿ ಏನು? ಕೈಯಲ್ಲಿ ದುಡ್ಡಿಲ್ಲ. ಏಕಿಲ್ಲ? ನೋಟ್‌ಬುಕ್ ತೆಗೆದು ನೋಡಿದರೆ ಕೆಲಸ ಬೇಕಾದಷ್ಟು ಇದೆ. ಮದುವೆ ಸೀಸನ್ನಿನ ರವಿಕೆಗಳೆಲ್ಲ ಹೋಗಿವೆ, ದುಡ್ಡು ಮಾತ್ರ ‘ಮುಂದಿನ ವಾರ ಅಕ್ಕ’ ಎಂಬ ಮಾತಿನಲ್ಲಿ ಉಳಿದಿದೆ. ಅಂದರೆ ಯಂತ್ರದ ಸಮಸ್ಯೆಯೆಂದು ಬಂದದ್ದು ವಸೂಲಿಯ ಸಮಸ್ಯೆ.

ಇಲ್ಲಿ ಹಿರಿಯರಿಗೆ ಬಾಯಿ ಕಡಿಯುತ್ತದೆ, ‘ಇನ್ನು ಯಾರಿಗೂ ಕಡ ಕೊಡಬೇಡ’ ಎಂದು ತೀರ್ಪು ಕೊಡಲು. ತಡೆದುಕೊಳ್ಳಬೇಕು. ದಾರಿ ಯಾವುದೆಲ್ಲ ಇದೆ ಎಂದು ಅವಳನ್ನೇ ಕೇಳಬೇಕು. ಬಟ್ಟೆ ಕೊಡುವಾಗಲೇ ಅರ್ಧ ಹಣ ಪಡೆಯಬಹುದು. ಫಾಲ್ಸ್, ಪಿಕೋದಂಥ ಕೈಮೇಲೆ ದುಡ್ಡು ಬರುವ ಕೆಲಸ ಹೆಚ್ಚಿಸಬಹುದು. ಹತ್ತಿರದ ಶಾಲೆಯ ಸಮವಸ್ತ್ರ ಕೇಳಿ ನೋಡಬಹುದು. ಪರಿಚಯದ ನೆರೆಮನೆಯವರ ಹತ್ತಿರ ಮುಂಗಡ ಕೇಳಲು ಮುಖ ಬರುವುದಿಲ್ಲ ಎಂಬ ಅಸಲು ಅಡಚಣೆಯೂ ಆಗಲೇ ಹೊರಗೆ ಬರುತ್ತದೆ. ಅದಕ್ಕೆ ಗೋಡೆಗೆ ಒಂದು ಬೋರ್ಡು ಹಾಕುವುದೆಂದು ಅವಳೇ ಹೇಳಿದರೆ ಅಂಥ ಬೋರ್ಡು ಉಳಿಯುತ್ತದೆ, ಹಿರಿಯರು ಹಾಕಿಸಿದ ಬೋರ್ಡು ವಾರದಲ್ಲಿ ಕೆಳಗಿಳಿಯುತ್ತದೆ. ಕೊನೆಯ ಮೆಟ್ಟಿಲು ನಿರ್ಧಾರ. ಯಾವ ದಿನದೊಳಗೆ ಬೋರ್ಡು, ಯಾವ ದಿನದೊಳಗೆ ಶಾಲೆಯ ಭೇಟಿ ಎಂದು ತಾರೀಕು ಸಮೇತ ಬರೆದುಕೊಳ್ಳುವುದು. ಮುಂದಿನ ಭೇಟಿಯ ಮೊದಲ ಐದು ನಿಮಿಷಕ್ಕೆ ವಿಷಯ ಇಲ್ಲಿಯೇ ಸಿಕ್ಕಿತು.

ಕಸುಬನ್ನು ಹಿರಿಯರ ಪಕ್ಕದಲ್ಲಿ ಕೂತೇ ಕಲಿಯಬೇಕಾದ ವೃತ್ತಿಗಳಲ್ಲಿ ಈ ಮಾತುಕತೆಯ ಬೆಲೆ ಇನ್ನೂ ಹೆಚ್ಚು. ವಕೀಲಿಕೆ ನೋಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ನ್ಯಾಯಾಲಯಗಳಿವೆ. ಪ್ರತಿ ವರ್ಷ ಹೊಸ ವಕೀಲರು ಹಿರಿಯರ ಆಫೀಸು ಸೇರುತ್ತಾರೆ. ಹಿರಿಯ ವಕೀಲರ ಬಳಿ ಒಂದು ವರ್ಷ ತರಬೇತಿ ಕಡ್ಡಾಯ ಎಂದು ಭಾರತೀಯ ವಕೀಲರ ಪರಿಷತ್ತು 1995ರಲ್ಲಿ ನಿಯಮ ಮಾಡಿತ್ತು. ವಿ. ಸುಧೀರ್ ಪ್ರಕರಣದಲ್ಲಿ 1999ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಅಂಥ ನಿಯಮ ಮಾಡುವ ಅಧಿಕಾರ ವಕೀಲರ ಕಾಯಿದೆಯಡಿ ಪರಿಷತ್ತಿಗೆ ಇಲ್ಲ ಎಂಬುದು ಕಾರಣ. ಆ ಮೇಲೆ ಹೊಸಬರು ಏನು ಕಲಿಯುತ್ತಾರೆ ಎಂಬುದು ಸೀನಿಯರ್‌ಗೆ ಬಿಡುವು ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಬಿಡುವಿದ್ದ ಸೀನಿಯರ್ ಸಂಜೆ ಕಡತ ಮುಂದಿಟ್ಟು ‘ಈ ಸಾಕ್ಷಿಗೆ ಮೊದಲ ಪ್ರಶ್ನೆ ಯಾವುದು ಕೇಳ್ತೀ?’ ಎನ್ನುತ್ತಾರೆ. ಬಿಡುವಿಲ್ಲದವರ ಆಫೀಸಿನಲ್ಲಿ ಜೂನಿಯರ್ ದಿನಾಂಕ ಬರೆದುಕೊಳ್ಳುವುದರಲ್ಲೇ ವರ್ಷ ಕಳೆಯುತ್ತಾರೆ. 2024ರ ಅಕ್ಟೋಬರಿನಲ್ಲಿ ಪರಿಷತ್ತು ಕಿರಿಯ ವಕೀಲರಿಗೆ ತಿಂಗಳಿಗೆ ನಗರಗಳಲ್ಲಿ ಕನಿಷ್ಠ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ರೂಪಾಯಿ ಕೊಡಬಹುದೆಂದು ಶಿಫಾರಸು ಮಾಡಿತು. ದುಡ್ಡಿನ ಮಾತು ಶಿಫಾರಸಿಗಾದರೂ ಬಂತು. ವಾರಕ್ಕೆ ಒಂದು ಸಂಜೆ ಕೂತು ಮಾತಾಡುವ ವಿಷಯ ಈಗಲೂ ಆಯಾ ಆಫೀಸಿನ ಮರ್ಜಿಗೆ ಬಿಟ್ಟದ್ದು.

ಲೆಕ್ಕಪರಿಶೋಧಕರ ಕಥೆ ಬೇರೆ. ಅಲ್ಲಿ ಹಿರಿಯರ ಕೈಕೆಳಗಿನ ತರಬೇತಿಯಾದ ಆರ್ಟಿಕಲ್‌ಶಿಪ್ ಕಡ್ಡಾಯ. ಆದರೆ 2023ರ ಹೊಸ ಕ್ರಮದಲ್ಲಿ ಅದು ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಕಲಿಯಬೇಕಾದ್ದು ಅಷ್ಟೇ ಇದ್ದು ಹೊತ್ತು ಕಡಿಮೆಯಾದಾಗ ಯೋಜನೆಯಿಲ್ಲದ ಮಾತಿಗೆ ಎಡೆ ಇನ್ನೂ ಕಿರಿದು.

ಯಕ್ಷಗಾನದ ಬಣ್ಣದ ಮನೆಯಾದ ಚೌಕಿಯಲ್ಲಿ ಇಂಥ ಯೋಜನೆ ಹಳೆಯ ಸಂಗತಿ. ತೆಂಕುತಿಟ್ಟಿನ ಆಟದಲ್ಲಿ ಪದ್ಯಗಳು ಪ್ರಸಂಗದಲ್ಲಿವೆ, ಮಾತು ಯಾರೂ ಬರೆದುಕೊಟ್ಟದ್ದಲ್ಲ. ಬಣ್ಣ ಹಚ್ಚಿಕೊಳ್ಳುತ್ತಲೇ ಕಿರಿಯ ವೇಷಧಾರಿ ಹಿರಿಯರ ಬಳಿ, ಭಾಗವತರ ಬಳಿ ವಿಚಾರಿಸುತ್ತಾನೆ. ಯಾವ ಪದ್ಯ ಎತ್ತುತ್ತಾರೆ, ಯಾವುದನ್ನು ಬಿಡುತ್ತಾರೆ, ಎದುರು ವೇಷದವರು ಎಲ್ಲಿ ಮಾತು ನಿಲ್ಲಿಸುತ್ತಾರೆ, ತಾನು ಎಲ್ಲಿಂದ ಎತ್ತಿಕೊಳ್ಳಬೇಕು. ಉತ್ತರ ಚುಟುಕು, ಏಕೆಂದರೆ ಪ್ರಶ್ನೆ ಖಚಿತ. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿ, ಕಟೀಲು ಮೇಳದಲ್ಲಿ ದೀರ್ಘಕಾಲ ಹಾಡಿ, 2023ರ ಫೆಬ್ರವರಿಯಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಭಾಗವತಿಕೆ ಕಲಿತದ್ದು ಅದೇ ಹೆಸರಿನ ತಮ್ಮ ಅಜ್ಜನಿಂದ. ಅಂಥ ಕಲಿಕೆಗೆ ಕಾಲಂ ತುಂಬಿಸುವ ಫಾರಂ ಬೇಕಾಗಲಿಲ್ಲ ನಿಜ. ಆದರೆ ಅಜ್ಜ ಮೊಮ್ಮಗ ಒಂದೇ ಸೂರಿನಡಿ ಇದ್ದರು. ತಿಂಗಳಿಗೊಮ್ಮೆ ಮುಕ್ಕಾಲು ಗಂಟೆ ಸಿಗುವವರಿಗೆ ಆ ಭಾಗ್ಯವಿಲ್ಲ. ಗುರುಕುಲದ ಹೊಗಳಿಕೆ ಹಾಡಿ ಇಂದಿನ ಕಾರ್ಯಕ್ರಮಗಳನ್ನು ಹೀಗಳೆಯುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಸಂಬಂಧಕ್ಕೆ ವಯಸ್ಸಾಗುತ್ತದೆ ಎಂಬುದನ್ನು ಮೊದಲು ಶಿಸ್ತಾಗಿ ತೋರಿಸಿಕೊಟ್ಟವರಲ್ಲಿ ಅಮೆರಿಕದ ಸಂಶೋಧಕಿ ಕ್ಯಾಥಿ ಕ್ರಾಮ್ ಒಬ್ಬರು. 1983ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕೆ ಆಧಾರ ಒಂದೇ ದೊಡ್ಡ ಸಂಸ್ಥೆಯಲ್ಲಿದ್ದ ಹಿರಿಯ ಕಿರಿಯರ 18 ಸಂಬಂಧಗಳು. ಶುರುವಿನ ಆರು ತಿಂಗಳಿನಿಂದ ಒಂದು ವರ್ಷ ಪರಸ್ಪರ ಅಳೆದು ನೋಡುವ ಕಾಲ. ಆಮೇಲೆ ಎರಡರಿಂದ ಐದು ವರ್ಷ ಬೆಳೆಯುವ ಕಾಲ. ಅನಂತರ ಅಗಲುವ ಕಾಲ. ಕೊನೆಗೆ ಇಬ್ಬರೂ ಸಮಾನರಾಗಿ, ಹಲವು ಸಲ ಗೆಳೆಯರಾಗಿ ಮತ್ತೆ ಕೂಡುವ ಕಾಲ. ಇದನ್ನು ತಿಳಿದರೆ ರುಡ್‌ಸೆಟ್‌ನ ಎರಡು ವರ್ಷ ಏಕೆ ಕೆಲಸ ಮಾಡುತ್ತದೆ, ಆರು ತಿಂಗಳ ಸೆಮಿಸ್ಟರಿನ ಮೆಂಟರ್ ಭೇಟಿ ಏಕೆ ಒಣಗಿರುತ್ತದೆ ಎಂಬುದು ಅರ್ಥವಾಗುತ್ತದೆ. ಅಳೆದು ನೋಡುವುದು ಮುಗಿಯುವ ಮುಂಚೆಯೇ ಪಟ್ಟಿ ಬದಲಾಗಿರುತ್ತದೆ. ಮೂರು ವರ್ಷದ ಪದವಿಗೆ ಮೂರು ವರ್ಷವೂ ಒಬ್ಬರೇ ಮೆಂಟರ್ ಇರಲಿ ಎಂಬ ಒಂದು ಸಣ್ಣ ತೀರ್ಮಾನ ಹಲವು ತರಬೇತಿ ಶಿಬಿರಗಳಿಗಿಂತ ಹೆಚ್ಚು ಉಪಕಾರ ಮಾಡೀತು.

ಬೆಂಗಳೂರಿನಲ್ಲಿ 2009ರಲ್ಲಿ ಹುಟ್ಟಿದ ‘ಮೆಂಟರ್ ಟುಗೆದರ್’ ಎಂಬ ಸ್ವಯಂಸೇವಾ ಸಂಸ್ಥೆ, ಬಡ ಕುಟುಂಬಗಳ ಯುವಜನರನ್ನೂ ಕೆಲಸದಲ್ಲಿರುವ ವೃತ್ತಿಪರರನ್ನೂ ಜೋಡಿಸುತ್ತದೆ. ಅದು ಮಾತುಕತೆಯನ್ನು ಅದೃಷ್ಟಕ್ಕೆ ಬಿಡದೆ, ಯಾವ ಹಂತದಲ್ಲಿ ಏನು ಚರ್ಚಿಸಬಹುದು ಎಂಬ ಪಠ್ಯಕ್ರಮವನ್ನೇ ರೂಪಿಸಿ, ಮೊಬೈಲ್ ಆಪ್ ಮೂಲಕವೂ ನಡೆಸುತ್ತದೆ. ಸರ್ಕಾರದ ಮಟ್ಟದಲ್ಲೂ ವಿಷಯ ಮೇಲೆದ್ದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅಧ್ಯಾಪಕರಿಗೇ ಮಾರ್ಗದರ್ಶನ ನೀಡುವ ರಾಷ್ಟ್ರೀಯ ಮಿಷನ್ ಒಂದನ್ನು ಪ್ರಸ್ತಾಪಿಸಿತು. ಭಾರತೀಯ ಭಾಷೆಗಳಲ್ಲಿ ಕಲಿಸಬಲ್ಲ ಹಿರಿಯ, ನಿವೃತ್ತ ಅಧ್ಯಾಪಕರೂ ಅದರಲ್ಲಿರಬೇಕು ಎಂದಿತು. 2022ರಲ್ಲಿ 30 ಕೇಂದ್ರೀಯ ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಶುರುವೂ ಆಯಿತು. ನಿವೃತ್ತ ಮೇಷ್ಟ್ರುಗಳಿಗೆ ಕೊರತೆಯಿಲ್ಲದ ದಕ್ಷಿಣ ಕನ್ನಡಕ್ಕೆ ಇಂಥದ್ದು ಹೇಳಿ ಮಾಡಿಸಿದಂತಿದೆ.

ಕಲಿಸುವವರು ಯಾವಾಗಲೂ ವಯಸ್ಸಾದವರೇ ಆಗಿರಬೇಕೆಂದೂ ಇಲ್ಲ. ಅಮೆರಿಕದ ಜಿಇ ಕಂಪನಿಯ ಮುಖ್ಯಸ್ಥ ಜಾಕ್ ವೆಲ್ಚ್ 1999ರಲ್ಲಿ ತನ್ನ 500 ಹಿರಿಯ ಅಧಿಕಾರಿಗಳಿಗೆ ಕಂಪನಿಯ ಕಿರಿಯರಿಂದ ಇಂಟರ್‌ನೆಟ್ ಕಲಿಯುವಂತೆ ಆದೇಶಿಸಿದ, ತಾನೂ ಕಲಿತ. ಯುಪಿಐ, ಜಿಎಸ್‌ಟಿ ಪೋರ್ಟಲ್, ಇನ್‌ಸ್ಟಾಗ್ರಾಂ ಜಾಹೀರಾತು ಬಂದ ಮೇಲೆ ನಮ್ಮ ಪೇಟೆಗಳ ಅಂಗಡಿಗಳಲ್ಲೂ ಮಗಳು ಅಪ್ಪನಿಗೆ ಪಾಠ ಹೇಳುತ್ತಿದ್ದಾಳೆ. ಮೆಂಟರ್ ಭೇಟಿಯ ಕೊನೆಗೆ ‘ಇವತ್ತು ನೀನು ನನಗೆ ಏನು ಹೇಳಿಕೊಡ್ತೀ?’ ಎಂದು ಹಿರಿಯರು ಕೇಳಿದರೆ ಎದುರಿನವರ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ, ಮುಂದಿನ ಮಾತೂ ಸಲೀಸಾಗುತ್ತದೆ.

ಉಳಿದದ್ದು ಮುಕ್ತಾಯ. ಹೆಚ್ಚಿನ ಜೋಡಿಗಳು ಮುಗಿಸದೆಯೇ ಮುಗಿಯುತ್ತವೆ. ಕರೆ ಕಡಿಮೆಯಾಗಿ, ಹಬ್ಬದ ಶುಭಾಶಯಕ್ಕೆ ಇಳಿದು, ಅದೂ ನಿಂತುಹೋಗುತ್ತದೆ. ಕಿರಿಯರಿಗೆ ಏನೋ ತಪ್ಪಿತಸ್ಥ ಭಾವ, ಹಿರಿಯರಿಗೆ ‘ಕೆಲಸ ಆಯ್ತು, ನೆನಪು ಹೋಯ್ತು’ ಎಂಬ ಕಹಿ. ಕೊನೆಯ ಭೇಟಿ ಯಾವುದೆಂದು ಮೊದಲೇ ಗೊತ್ತಿದ್ದರೆ ಈ ಎರಡೂ ಇರುವುದಿಲ್ಲ. ಆ ದಿನ ಹಳೆಯ ಮೂರು ಸಾಲುಗಳನ್ನೆಲ್ಲ ತೆಗೆದು ಓದಿ, ಆದದ್ದೆಷ್ಟು, ಆಗದ್ದೆಷ್ಟು, ಇನ್ನು ಮುಂದೆ ಯಾರ ಬಳಿ ಹೋಗಬೇಕು ಎಂದು ಮಾತಾಡಿ ಮುಗಿಸಬಹುದು.

ಹೊಸ ಶೈಕ್ಷಣಿಕ ವರ್ಷಕ್ಕೆ ಮೆಂಟರ್ ಪಟ್ಟಿ ತಯಾರಿಸುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜುಗಳು ಒಂದು ಬದಲಾವಣೆ ಮಾಡಿ ನೋಡಲಿ. ಡೈರಿಯಲ್ಲಿ ಅಧ್ಯಾಪಕರ ಷರಾಕ್ಕಿಂತ ಮೊದಲು ವಿದ್ಯಾರ್ಥಿಯೇ ತುಂಬಬೇಕಾದ ಒಂದು ಕಾಲಂ ಸೇರಿಸಲಿ, ಅದು ಖಾಲಿಯಿದ್ದರೆ ಆ ಭೇಟಿಯನ್ನು ಮುಂದೂಡಲಿ. ನ್ಯಾಕ್ ತಂಡ ಬಂದಾಗ ತೋರಿಸಲು ಸಹಿಗಳ ಸಂಖ್ಯೆ ಸ್ವಲ್ಪ ಇಳಿದರೂ ಅಡ್ಡಿಯಿಲ್ಲ.